ಬಿಆರ್‌ಸಿಎ ನೆಗೆಟಿವ್ ಬಂದ ಮೇಲೆ ಅಕ್ಕ ಕೇಳಿದ ಪ್ರಶ್ನೆ

ನಾನು ಬೆಂಗಳೂರಿನ ಒಂದು ಎಚ್‌ಎಲ್‌ಎ ಲ್ಯಾಬಿನಲ್ಲಿ ಟೆಕ್ನಿಷಿಯನ್. ಕಿಡ್ನಿ ಕೊಡುವವರ ರಕ್ತ, ಪಡೆಯುವವರ ರಕ್ತ ಎರಡೂ ನಮ್ಮ ಹತ್ತಿರ ಬರುತ್ತವೆ. ಯಾರದ್ದು ಯಾರಿಗೆ ಹೊಂದುತ್ತದೆ ಅಂತ ನೋಡುವುದು ನಮ್ಮ ಕೆಲಸ. ಟೈಪಿಂಗ್, ಕ್ರಾಸ್‌ಮ್ಯಾಚ್, ಆಮೇಲೆ ರಿಪೋರ್ಟ್. ರೋಗಿಯ ಮುಖ ನೋಡುವುದು ಕಡಿಮೆ, ಟ್ಯೂಬಿನ ಮೇಲಿನ ಬಾರ್‌ಕೋಡ್ ನೋಡುವುದೇ ಜಾಸ್ತಿ. ಕ್ಯಾನ್ಸರ್ ನನ್ನ ವಿಷಯವೇ ಅಲ್ಲ. ಆದರೆ ಮನೆಯವರಿಗೆ ಎಲ್ಲ ಒಂದೇ. "ಅವಳು ಜೀನ್ ಲ್ಯಾಬಲ್ಲಿದಾಳೆ" ಅಂದರೆ ಮುಗಿಯಿತು. ಶುಗರ್‌ನಿಂದ ಹಿಡಿದು ಕೂದಲು ಉದುರುವವರೆಗೆ ಎಲ್ಲದಕ್ಕೂ ನನಗೇ ಫೋನ್.

ಅಕ್ಕ ತಿಪಟೂರಿನಲ್ಲಿ ಹೈಸ್ಕೂಲ್ ಟೀಚರ್. ಅವಳಿಗೆ ಸ್ತನ ಕ್ಯಾನ್ಸರ್ ಎಂದು ಗೊತ್ತಾದಾಗ ವಯಸ್ಸು 46. ಬಯಾಪ್ಸಿ ರಿಪೋರ್ಟಿನಲ್ಲಿ ಹರ್-2 ತ್ರೀ ಪ್ಲಸ್ ಎಂದಿತ್ತು, ಅಂದರೆ ಹರ್-2 ಎಂಬ ಪ್ರೋಟೀನ್ ವಿಪರೀತ ಇರುವ ಬಗೆ. ನಮ್ಮ ದೊಡ್ಡಮ್ಮ ತೊಂಬತ್ತರ ದಶಕದಲ್ಲಿ ಹೀಗೇ ಎದೆಯ ಗಡ್ಡೆಯಿಂದ ಹೋದವರು. ಹಾಗಾಗಿ ಡಾಕ್ಟರು ಜೆನೆಟಿಕ್ ಪ್ಯಾನೆಲ್ ಮಾಡಿಸಿ ಅಂದರು, ಅಂದರೆ ವಂಶದಲ್ಲಿ ಸ್ತನ ಕ್ಯಾನ್ಸರ್ ತರುವ ಜೀನ್‌ಗಳ ಪರೀಕ್ಷೆ. ಬಿಆರ್‌ಸಿಎ1 ನೆಗೆಟಿವ್, ಬಿಆರ್‌ಸಿಎ2 ನೆಗೆಟಿವ್. ಪಿಎಎಲ್‌ಬಿ2, ಚೆಕ್2, ಎಟಿಎಂ ಎಲ್ಲವೂ ನೆಗೆಟಿವ್. ಒಂದು ಕಡೆ ಮಾತ್ರ "ವಿಯುಎಸ್" ಅಂತ ಬರೆದಿತ್ತು. ಬದಲಾವಣೆ ಇದೆ, ಆದರೆ ಅದರಿಂದ ಕೆಡುಕಿದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ ಎಂದರ್ಥ.

ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದರು. ಅಕ್ಕ ನನಗೆ ಫೋನ್ ಮಾಡಿದಳು. "ಜೀನಲ್ಲಿ ಏನೂ ಇಲ್ವಂತೆ. ಹಾಗಾದ್ರೆ ನಂಗೇ ಯಾಕೆ ಬಂತು? ನಾವಿಬ್ರೂ ಒಂದೇ ತಟ್ಟೇಲಿ ಉಂಡೋರಲ್ವಾ?"

ಜೀನಲ್ಲಿ ಏನೂ ಇಲ್ಲ ಅನ್ನುವುದು ಸರಿಯಲ್ಲ. ಪ್ಯಾನೆಲ್‌ನಲ್ಲಿ ಹುಡುಕಿದ್ದು ಸಿಗಲಿಲ್ಲ, ಅಷ್ಟೇ. ಸ್ತನ ಕ್ಯಾನ್ಸರ್ ಕೆಲವು ಮನೆಗಳಲ್ಲಿ ಒಂದೇ ಜೀನ್‌ನಿಂದ ಇಳಿದು ಬರುತ್ತದೆ ಎಂದು ಅಮೆರಿಕದ ಮೇರಿ ಕ್ಲೇರ್ ಕಿಂಗ್ 1990ರಲ್ಲಿ ತೋರಿಸಿದರು. ಆ ಜೀನ್ ಇರುವುದು 17ನೇ ಕ್ರೋಮೋಸೋಮಿನಲ್ಲಿ ಎಂದರು. 1994ರಲ್ಲಿ ಬಿಆರ್‌ಸಿಎ1 ಕೈಗೆ ಸಿಕ್ಕಿತು, ಮರುವರ್ಷ ಬಿಆರ್‌ಸಿಎ2. ಇವು ಕೆಟ್ಟಿದ್ದರೆ ಅಪಾಯ ಸಣ್ಣದಲ್ಲ. 80 ವರ್ಷದೊಳಗೆ ನೂರರಲ್ಲಿ ಸುಮಾರು 70 ಹೆಂಗಸರಿಗೆ ಸ್ತನ ಕ್ಯಾನ್ಸರ್ ಬರುತ್ತದೆ. ಆದರೆ ಒಟ್ಟು ಸ್ತನ ಕ್ಯಾನ್ಸರ್‌ಗಳಲ್ಲಿ ಹೀಗೆ ಒಂದೇ ಜೀನ್‌ನಿಂದ ಬರುವುದು ನೂರಕ್ಕೆ ಐದರಿಂದ ಹತ್ತು ಮಾತ್ರ. 2022ರಲ್ಲಿ ನಮ್ಮ ದೇಶದಲ್ಲಿ ಸುಮಾರು 1 ಲಕ್ಷ 92 ಸಾವಿರ ಹೊಸ ಸ್ತನ ಕ್ಯಾನ್ಸರ್ ಪ್ರಕರಣಗಳು ಎಂದು ಜಾಗತಿಕ ಅಂದಾಜು. ಅವರಲ್ಲಿ ಹೆಚ್ಚಿನವರಿಗೆ ಪ್ಯಾನೆಲ್ ಮಾಡಿಸಿದರೂ ಅಕ್ಕನಿಗೆ ಬಂದಂಥ ರಿಪೋರ್ಟೇ ಬರುತ್ತದೆ.

ಅಕ್ಕನಿಗೆ ಏನು ಹೇಳಲಿ ಎಂದು ಓದುತ್ತಾ ಕುಳಿತಾಗ ವಿಷಯ ತಿರುಗಿ ತಿರುಗಿ ನನ್ನ ಬೆಂಚಿಗೇ ಬಂದು ನಿಂತಿತು. ಎಚ್‌ಎಲ್‌ಎಗೆ.

ಎಚ್‌ಎಲ್‌ಎ ಅಂದರೆ ಏನು ಎಂದು ಕಿಡ್ನಿ ಕೊಡಲು ಬಂದವರು ಕೇಳಿದಾಗ ನಾನು ಮಂಡಿಯ ಉದಾಹರಣೆ ಕೊಡುತ್ತೇನೆ. ಮಂಡಿಯಲ್ಲಿ ಮೂಟೆ ಬಿಚ್ಚದೆ ವ್ಯಾಪಾರ ಮಾಡಬೇಕಾದರೆ ಒಳಗಿನ ಒಂದು ಹಿಡಿ ಕಾಳನ್ನು ತಟ್ಟೆಯಲ್ಲಿ ಹೊರಗಿಡುತ್ತಾರೆ. ನಮ್ಮ ಜೀವಕೋಶಗಳೂ ಒಳಗೆ ತಯಾರಾದ ಪ್ರೋಟೀನುಗಳ ಚೂರುಗಳನ್ನು ಹೊರಗಿಟ್ಟು ತೋರಿಸುತ್ತವೆ. ಒಂದೊಂದು ಚೂರೂ ಎಂಟರಿಂದ ಹನ್ನೊಂದು ಅಮೈನೋ ಆಮ್ಲದಷ್ಟು ಉದ್ದ. ಆ ಚೂರನ್ನು ಹಿಡಿದಿಟ್ಟುಕೊಳ್ಳುವ ತಟ್ಟೆಯೇ ಎಚ್‌ಎಲ್‌ಎ. ರೋಗದ ವಿರುದ್ಧ ಕಾವಲಿರುವ ಟಿ ಕೋಶಗಳು ಸುತ್ತಾಡುತ್ತಾ ಅದನ್ನು ನೋಡುತ್ತವೆ. ವೈರಸ್‌ನ ಚೂರು ಕಂಡರೆ ಆ ಕೋಶವನ್ನು ಕೊಲ್ಲುತ್ತವೆ. ತಟ್ಟೆಯಲ್ಲಿಟ್ಟು ತೋರಿಸದೇ ಇದ್ದರೆ ಟಿ ಕೋಶಕ್ಕೆ ಕಣ್ಣಿಲ್ಲ. ಇದನ್ನು ಕಂಡುಹಿಡಿದ ಪೀಟರ್ ಡೊಹರ್ಟಿ ಮತ್ತು ರಾಲ್ಫ್ ಜಿಂಕರ್‌ನಾಗಲ್ ಅವರಿಗೆ 1996ರಲ್ಲಿ ನೊಬೆಲ್ ಬಂತು.

ಈ ತಟ್ಟೆ ಎಲ್ಲರ ಮನೆಯಲ್ಲೂ ಒಂದೇ ಥರ ಇರುವುದಿಲ್ಲ. ಎ, ಬಿ, ಸಿ ಅಂತ ಮೂರು ಮುಖ್ಯ ಜೀನ್‌ಗಳು, ಅಪ್ಪನಿಂದ ಒಂದೊಂದು, ಅಮ್ಮನಿಂದ ಒಂದೊಂದು. ಒಟ್ಟು ಆರು. ಜಗತ್ತಿನಲ್ಲಿ ಇದುವರೆಗೆ ದಾಖಲಾದ ಎಚ್‌ಎಲ್‌ಎ ಮಾದರಿಗಳು 40 ಸಾವಿರಕ್ಕೂ ಹೆಚ್ಚು. ಮನುಷ್ಯರ ಜೀನ್‌ಗಳಲ್ಲಿ ಇಷ್ಟು ವೈವಿಧ್ಯ ಬೇರೆಲ್ಲೂ ಇಲ್ಲ. ಒಂದೊಂದು ಮಾದರಿಯೂ ತನಗೆ ಹಿಡಿಸುವ ಚೂರನ್ನು ಮಾತ್ರ ಹಿಡಿಯುತ್ತದೆ. ನನ್ನದು ಹಿಡಿಯುವುದನ್ನು ನಿಮ್ಮದು ಬೀಳಿಸಬಹುದು.

ನಮ್ಮ ಮನೆಯವರ ಟೈಪಿಂಗ್ ನನ್ನ ಹತ್ತಿರ ಇದೆ. ಅಪ್ಪನಿಗೆ ಕಿಡ್ನಿ ಫೇಲ್ ಆದಾಗ ಎಲ್ಲರದ್ದೂ ಮಾಡಿಸಿದ್ದೆವು. ಕೊನೆಗೆ ಅಮ್ಮನ ಕಿಡ್ನಿ ಹಾಕಿದರು. ಎ ಜೀನಿನಲ್ಲಿ ಅಕ್ಕನ ಮಾದರಿಗಳು ಎ*24:02 ಮತ್ತು ಎ*33:03. ನನ್ನದು ಎ*24:02 ಮತ್ತು ಎ*11:01. ಮೂರೂ ನಮ್ಮ ಕಡೆ ಮಾಮೂಲು. ಲ್ಯಾಬ್ ಭಾಷೆಯಲ್ಲಿ ನಾವಿಬ್ಬರೂ "ಹಾಫ್ ಮ್ಯಾಚ್". ಒಡಹುಟ್ಟಿದ ಇಬ್ಬರು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು, ಅರ್ಧ ಹೊಂದುವುದು ನಾಲ್ಕರಲ್ಲಿ ಎರಡು, ಏನೇನೂ ಹೊಂದದಿರುವುದು ಇನ್ನೊಂದು ಪಾಲು. ಅಂದರೆ ಒಂದೇ ತಟ್ಟೆಯಲ್ಲಿ ಉಂಡ ಅಕ್ಕತಂಗಿಯರ ಒಳಗಿನ ತಟ್ಟೆಗಳು ಬೇರೆ ಬೇರೆ. ಇದನ್ನು ಅಕ್ಕನಿಗೆ ಹೇಳಿದಾಗ "ಮಾತಲ್ಲಿ ನಿನ್ನ ಗೆಲ್ಲೋಕಾಗಲ್ಲ ಬಿಡು" ಅಂದಳು.

ಈಗ ಅಸಲು ವಿಷಯ. 2024ರ ಮೇ ತಿಂಗಳಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಸ್ಟ್ಯಾನ್‌ಫರ್ಡ್‌ನ ಕ್ಯಾಥ್ಲೀನ್ ಹೂಲಹನ್, ಕ್ರಿಸ್ಟಿನಾ ಕರ್ಟಿಸ್ ಮತ್ತು ಅವರ ತಂಡದ ಒಂದು ಅಧ್ಯಯನ ಬಂತು. 5,800ಕ್ಕೂ ಹೆಚ್ಚು ಸ್ತನ ಗಡ್ಡೆಗಳ ಮಾಹಿತಿಯನ್ನು ಅವರು ಜಾಲಾಡಿದ್ದರು. ಅವರ ಪ್ರಶ್ನೆ ನನಗೆ ತುಂಬ ಹಿಡಿಸಿತು. ಸ್ತನ ಕ್ಯಾನ್ಸರ್‌ನಲ್ಲಿ ಹಲವು ಬಗೆ ಇವೆ. ಒಬ್ಬಳಿಗೆ ಹರ್-2 ಬಗೆಯದ್ದೇ ಯಾಕೆ ಬರುತ್ತದೆ, ಇನ್ನೊಬ್ಬಳಿಗೆ ಬೇರೆಯದ್ದೇ ಯಾಕೆ? ಇದು ಸುಮ್ನೆ ಅದೃಷ್ಟವೋ, ಅಥವಾ ಹುಟ್ಟುವಾಗಲೇ ಬಂದ ಯಾವುದೋ ಜೀನ್ ಅದನ್ನು ಒಂದು ಕಡೆ ತಳ್ಳುತ್ತಿದೆಯೋ?

ಹರ್-2 ಎಂಬುದು ಎಲ್ಲರ ಮೈಯಲ್ಲೂ ಇರುವ ಜೀನ್. ಮಾಮೂಲಿ ಕೋಶದಲ್ಲಿ ಅದರ ಎರಡು ಪ್ರತಿ ಇರುತ್ತವೆ. ಹರ್-2 ಕ್ಯಾನ್ಸರ್‌ನಲ್ಲಿ ಆ ಜೀನ್ ಹತ್ತಾರು ಪ್ರತಿಗಳಾಗಿ ಬೆಳೆದು, ಕೋಶದ ಮೈತುಂಬ ಆ ಪ್ರೋಟೀನೇ ತುಂಬಿಕೊಂಡು, ಕೋಶಕ್ಕೆ "ಬೆಳಿ, ಬೆಳಿ" ಎಂದು ಹೇಳುತ್ತಾ ಇರುತ್ತದೆ. ಇನ್ನು ಈ ಜೀನ್‌ನಲ್ಲೂ ಒಬ್ಬೊಬ್ಬರಿಗೆ ಒಂದೊಂದು ಡಿಎನ್‌ಎ ಅಕ್ಷರದಷ್ಟು ವ್ಯತ್ಯಾಸ ಇರುತ್ತದೆ. ರೋಗವೇನಲ್ಲ, ಹುಟ್ಟಿನಿಂದ ಬಂದದ್ದು. ಆ ಸಣ್ಣ ವ್ಯತ್ಯಾಸದಿಂದ ಪ್ರೋಟೀನಿನ ಚೂರು ಸ್ವಲ್ಪ ಬೇರೆಯಾಗುತ್ತದೆ. ಆ ಬೇರೆಯಾದ ಚೂರು ನಿಮ್ಮ ಎಚ್‌ಎಲ್‌ಎಗೆ ಚೆನ್ನಾಗಿ ಕೂತರೆ, ಹೊರಗೆ ಕಾಣುತ್ತದೆ. ಕೂರದಿದ್ದರೆ ಕಾಣುವುದಿಲ್ಲ.

ಮಾಮೂಲಿ ಕೋಶದಲ್ಲಿ ಅಂಥ ಚೂರು ಒಂದೋ ಎರಡೋ ಕಂಡರೆ ಟಿ ಕೋಶ ತಲೆ ಕೆಡಿಸಿಕೊಳ್ಳುವುದಿಲ್ಲ, ಅದು ನಮ್ಮದೇ ತಾನೆ. ಆದರೆ ಕೋಶವೊಂದು ಹರ್-2 ಪ್ರತಿಗಳನ್ನು ಹೆಚ್ಚಿಸಿಕೊಳ್ಳಲು ಶುರುಮಾಡಿದರೆ ಆ ಚೂರುಗಳೂ ರಾಶಿ ಬೀಳುತ್ತವೆ. ಆಗ ಟಿ ಕೋಶಕ್ಕೆ ಅನುಮಾನ ಬರುತ್ತದೆ. ಗಡ್ಡೆಯಾಗುವ ಮುಂಚೆಯೇ ಆ ಕೋಶ ಸಾಯುತ್ತದೆ. ಅಧ್ಯಯನ ಕಂಡದ್ದು ಇದನ್ನೇ. ಹರ್-2ರಲ್ಲಿ ಹೀಗೆ ಕಣ್ಣಿಗೆ ಬೀಳುವ ಚೂರುಗಳು ಹುಟ್ಟಿನಿಂದಲೇ ಜಾಸ್ತಿ ಇದ್ದವರಲ್ಲಿ ಹರ್-2 ಬಗೆಯ ಕ್ಯಾನ್ಸರ್ ಕಡಿಮೆ. ಬೇರೆ ಬಗೆಯ ಗಡ್ಡೆಗಳಲ್ಲಿ ಪ್ರತಿ ಹೆಚ್ಚಿಸಿಕೊಳ್ಳುವ ಬೇರೆ ಜೀನ್‌ಗಳಿಗೂ ಇದೇ ಲೆಕ್ಕ ಹೊಂದಿತು.

ಗಮನಿಸಿ, ಇಲ್ಲಿ ಒಂದು ಜೀನ್ ಒಳ್ಳೆಯದು, ಒಂದು ಕೆಟ್ಟದ್ದು ಎಂದಿಲ್ಲ. ಎ*24:02 ಇದ್ದರೆ ಅಪಾಯ, ಎ*11:01 ಇದ್ದರೆ ಬಚಾವ್ ಎನ್ನುವ ಮಾತಲ್ಲ ಇದು. ಎರಡು ಕಡೆಯ ಆನುವಂಶಿಕತೆ ಜೋಡಿಯಾಗಬೇಕು. ಚೂರು ಹೇಗಿದೆ ಮತ್ತು ಅದು ಕೂರುವ ತಟ್ಟೆ ಹೇಗಿದೆ ಎರಡೂ ಬೇಕು. ಬಿಆರ್‌ಸಿಎ ಥರ ಒಂದು ಸಾಲಿನಲ್ಲಿ ಪಾಸಿಟಿವ್, ನೆಗೆಟಿವ್ ಎಂದು ಬರೆದು ಸಹಿ ಹಾಕುವ ರಿಪೋರ್ಟ್ ಇದರಲ್ಲಿ ಆಗುವುದೇ ಇಲ್ಲ.

ಇಲ್ಲಿಗೇ ನಿಂತಿದ್ದರೆ ಕತೆ ಸಲೀಸು. ಆದರೆ ಅದೇ ಅಧ್ಯಯನದ ಇನ್ನೊಂದು ಭಾಗ ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಟಿ ಕೋಶಗಳ ಕಾವಲು ಹೀಗೆ ಬಿಗಿಯಾಗಿದ್ದವರಲ್ಲೂ ಕೆಲವರಿಗೆ ಆ ಕ್ಯಾನ್ಸರ್ ಬಂದೇ ಬರುತ್ತದೆ. ಹಾಗೆ ಕಾವಲು ದಾಟಿ ಬಂದ ಗಡ್ಡೆಗಳು ಮಿಕ್ಕವಕ್ಕಿಂತ ಒರಟು. ಬೇಗ ಹರಡುತ್ತವೆ, ರೋಗಿಯ ಗತಿಯೂ ಚೆನ್ನಾಗಿರುವುದಿಲ್ಲ. ಗಡ್ಡೆ ನಾಳದೊಳಗೇ ಇರುವ ಮೊದಲ ಹಂತದಲ್ಲಿ ಕಾಪಾಡಿದ್ದೇ, ಗಡ್ಡೆ ಅದನ್ನು ಮೀರಿ ಹೊರಗೆ ನುಗ್ಗಿದ ಮೇಲೆ ಉಲ್ಟಾ ಹೊಡೆಯುತ್ತದೆ.

ಯಾಕೆ ಹೀಗೆ? ಅಮೆರಿಕದ ರಾಬರ್ಟ್ ಶ್ರೈಬರ್ ಮತ್ತು ಅವರ ಜೊತೆಗಾರರು ಇಲಿಗಳ ಮೇಲೆ ಪ್ರಯೋಗ ಮಾಡಿ 2001ರ ಹೊತ್ತಿಗೇ ಇದರ ಸುಳಿವು ಕೊಟ್ಟಿದ್ದರು. ರೋಗನಿರೋಧಕ ವ್ಯವಸ್ಥೆ ಕ್ಯಾನ್ಸರನ್ನು ಬರೀ ಕೊಲ್ಲುವುದಿಲ್ಲ, ತಿದ್ದುತ್ತದೆ ಕೂಡ. ಮೊದಲು ಸುಲಭವಾಗಿ ಸಿಗುವ ಕೋಶಗಳನ್ನು ಮುಗಿಸುತ್ತದೆ. ಉಳಿದವು ವರ್ಷಗಟ್ಟಲೆ ಅದರ ಜೊತೆ ಜಗ್ಗಾಡುತ್ತವೆ. ಕೊನೆಗೆ ತಪ್ಪಿಸಿಕೊಳ್ಳುವುದು ಅಡಗುವ ಕಲೆ ಚೆನ್ನಾಗಿ ಕಲಿತ ಕೋಶ. ಕೆಲವು ಗಡ್ಡೆಗಳು ತಮ್ಮ ಎಚ್‌ಎಲ್‌ಎ ಜೀನ್‌ಗಳನ್ನೇ ಕಳೆದುಕೊಂಡು ಕೂರುತ್ತವೆ. ಕೆಲವು ಸುತ್ತಲಿನ ಟಿ ಕೋಶಗಳನ್ನು ದೂರ ಇಡುತ್ತವೆ. ಕಾವಲು ಎಷ್ಟು ಬಿಗಿಯೋ, ಅದನ್ನು ದಾಟಿದವನು ಅಷ್ಟೇ ಪಳಗಿದವನು.

ನಮ್ಮ ಲ್ಯಾಬಿನಲ್ಲಿ ಎಚ್‌ಎಲ್‌ಎ ಅಂದರೆ ಯಾವಾಗಲೂ ಒಂದೇ ಚಿಂತೆ: ಗ್ರಾಫ್ಟ್ ರಿಜೆಕ್ಟ್ ಆಗಬಾರದು. ದೇಹ ಹೊಸ ಕಿಡ್ನಿಯನ್ನು ಗುರುತಿಸದಿದ್ದರೆ ಸಾಕು ಎಂದು ಬೇಡಿಕೊಳ್ಳುತ್ತೇವೆ. ಇಲ್ಲಿ ನೋಡಿದರೆ ಗುರುತಿಸಲಿ, ಗುರುತಿಸಲಿ ಎಂದು ಬೇಡಬೇಕು. ಇಷ್ಟು ವರ್ಷ ಒಂದೇ ದಿಕ್ಕಿನಿಂದ ನೋಡಿದ ಅಣುವನ್ನು ಈಗ ಆ ಬದಿಯಿಂದ ನೋಡಿದ ಹಾಗಾಯಿತು.

ಅಕ್ಕ ಎಲ್ಲ ಕೇಳಿ, ಟೀಚರ್ ಅಲ್ವಾ, ನೇರವಾಗಿ ಕೇಳಿದಳು. "ಹಾಗಾದ್ರೆ ನಂದು ಒಳ್ಳೇದೋ ಕೆಟ್ಟದ್ದೋ? ಒಂದು ಹೇಳು."

"ನಿನ್ನೊಬ್ಬಳಿಗೆ ಹೇಳಕ್ಕಾಗಲ್ಲ ಅಕ್ಕ."

"ಟೈಪಿಂಗ್ ನಿನ್ನ ಹತ್ರಾನೇ ಇದೆಯಲ್ಲ, ಲೆಕ್ಕ ಹಾಕು."

ಹಾಕಬಹುದು. ಅವಳ ಹರ್-2 ಜೀನ್‌ನ ಪೂರ್ತಿ ಸೀಕ್ವೆನ್ಸ್ ತೆಗೆಸಿ, ಯಾವ ಚೂರು ಯಾವ ಎಚ್‌ಎಲ್‌ಎಗೆ ಕೂರುತ್ತದೆ ಎಂದು ಅಂದಾಜಿಸುವ ಸಾಫ್ಟ್‌ವೇರ್‌ಗೆ ಹಾಕಿದರೆ ಒಂದು ಸಂಖ್ಯೆ ಬರುತ್ತದೆ. ನಾನು ಹಾಕಲಿಲ್ಲ, ಹಾಕುವುದೂ ಇಲ್ಲ. ಸಾವಿರಾರು ಜನರ ಗುಂಪಿನಲ್ಲಿ ಕಾಣುವ ಒಲವು ಒಬ್ಬಳ ವಿಷಯದಲ್ಲಿ ಏನನ್ನೂ ಹೇಳುವುದಿಲ್ಲ. ಸಂಖ್ಯೆ ಕಡಿಮೆ ಬಂದರೆ "ಅದಕ್ಕೇ ಬಂತು" ಎಂದು ಕೊರಗುತ್ತಾಳೆ. ಜಾಸ್ತಿ ಬಂದರೆ "ನಂದು ಒರಟು ಗಡ್ಡೆ" ಎಂದು ನಿದ್ದೆ ಬಿಡುತ್ತಾಳೆ. ಎರಡರಲ್ಲೂ ಅವಳ ಔಷಧಿ ಒಂದು ಮಿಲಿಗ್ರಾಂ ಕೂಡ ಬದಲಾಗುವುದಿಲ್ಲ. ಚಿಕಿತ್ಸೆ ಬದಲಿಸದ ಟೆಸ್ಟನ್ನು ಮನೆಯವರ ಮೇಲೆ ಮಾಡಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಎಚ್‌ಎಲ್‌ಎ ಒಂದೇ ಅಲ್ಲ, ಇಂಥ ಎರಡು ಮುಖದ ಆನುವಂಶಿಕತೆ ಇನ್ನೂ ಇದೆ. ವೈರಸ್‌ಗಳ ಅಕ್ಷರ ಕೆಡಿಸಿ ನಮ್ಮನ್ನು ಕಾಯುವ ಅಪೋಬೆಕ್3 ಎಂಬ ಜೀನ್‌ಗಳ ಸಾಲು ಇದೆ. ಕೆಲವರಲ್ಲಿ ಆ ಸಾಲಿನ ನಡುವೆ ಸುಮಾರು 29 ಸಾವಿರ ಅಕ್ಷರದಷ್ಟು ಉದ್ದದ ತುಂಡೇ ಇರುವುದಿಲ್ಲ. ಅದರ ಜೊತೆ 3ಬಿ ಜೀನ್ ಮಾಯ. ಆಫ್ರಿಕಾದವರಲ್ಲಿ ಇದು ತೀರಾ ಅಪರೂಪ, ಯುರೋಪಿನವರಲ್ಲಿ ನೂರಕ್ಕೆ ಆರರಷ್ಟು, ಪೂರ್ವ ಏಷ್ಯಾದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು, ಪೆಸಿಫಿಕ್ ದ್ವೀಪಗಳ ಕಡೆ ಬಹುತೇಕ ಎಲ್ಲರಲ್ಲೂ. 2013ರಲ್ಲಿ ಚೀನಾದ ಹೆಂಗಸರಲ್ಲಿ ಈ ಕೊರತೆಗೂ ಸ್ತನ ಕ್ಯಾನ್ಸರ್‌ಗೂ ನಂಟಿದೆ ಎಂದು ವರದಿಯಾಯಿತು. ಸ್ವೀಡನ್, ನಾರ್ವೆಗಳಲ್ಲಿ ನೋಡಿದಾಗ ಅಂಥ ನಂಟು ಕಾಣಲಿಲ್ಲ. ಒಂದು ಜೀನ್ ಕಳೆದುಹೋದರೂ ಇಂಥವರ ಗಡ್ಡೆಗಳಲ್ಲಿ ಅಪೋಬೆಕ್‌ನ ಗುರುತಿರುವ ಮ್ಯುಟೇಶನ್ ಜಾಸ್ತಿ ಸಿಗುತ್ತದೆ. ಪಕ್ಕದ 3ಎ ಜೀನ್ ಇನ್ನಷ್ಟು ಚುರುಕಾಗುತ್ತದೆ ಎನ್ನುವುದು ಅದಕ್ಕೊಂದು ವಿವರಣೆ. ಮಲೇಷ್ಯಾದ ಸಂಶೋಧಕರು ನೋಡಿದಾಗ ಅದೇ ಗಡ್ಡೆಗಳಲ್ಲಿ ರೋಗನಿರೋಧಕ ಕೋಶಗಳ ಓಡಾಟವೂ ಹೆಚ್ಚಿತ್ತು. ಮತ್ತೆ ಅದೇ, ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುವುದು.

ಈ ಎಲ್ಲದರ ಮಧ್ಯೆ ನಾವು ಎಲ್ಲಿದ್ದೇವೆ? ಸ್ತನ ಕ್ಯಾನ್ಸರ್‌ನ ದೊಡ್ಡ ಜೀನ್ ಅಧ್ಯಯನಗಳಲ್ಲಿ ಹೆಚ್ಚಿನವರು ಯುರೋಪ್ ಮೂಲದವರು, ಆಮೇಲೆ ಪೂರ್ವ ಏಷ್ಯಾದವರು. ಎಚ್‌ಎಲ್‌ಎಯಂತೂ ಊರಿಂದ ಊರಿಗೆ, ಜಾತಿಯಿಂದ ಜಾತಿಗೆ ಬದಲಾಗುವ ಜೀನ್. ಅವರ ಲೆಕ್ಕ ತಂದು ತಿಪಟೂರಿನ ಟೀಚರ್‌ಗೆ ಹಚ್ಚಿದರೆ ಹೊಂದುತ್ತದೆ ಎಂದು ಹೇಳುವ ಧೈರ್ಯ ನನಗಿಲ್ಲ. ಅಕ್ಕನ ರಿಪೋರ್ಟಿನ ಆ "ವಿಯುಎಸ್" ಕೂಡ ಇದೇ ಮಾಹಿತಿಯ ಬರದ ಫಲ. ನಮ್ಮವರ ಜೀನ್ ಸಾಕಷ್ಟು ಓದಿದ್ದರೆ ಅದು ನಮ್ಮ ಕಡೆ ಮಾಮೂಲೋ ಅಲ್ಲವೋ ಎಂದು ಇಷ್ಟು ಹೊತ್ತಿಗೆ ತಿಳಿಯುತ್ತಿತ್ತು. ನಮ್ಮದೇ ಬೆಂಗಳೂರಿನ ಐಐಎಸ್‌ಸಿ ಆವರಣದ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಮುಂದೆ ನಿಂತು ನಡೆಸಿದ ಜೀನೋಮ್ ಇಂಡಿಯಾ ಯೋಜನೆಯಲ್ಲಿ ಸುಮಾರು 10 ಸಾವಿರ ಭಾರತೀಯರ ಜೀನೋಮ್ ಓದಿ ಮುಗಿದಿದೆ. ಅದರ ಮಾಹಿತಿಯನ್ನು 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದರು. ಅವರು ಕ್ಯಾನ್ಸರ್ ರೋಗಿಗಳಲ್ಲ, ಆದರೂ ಮಾಮೂಲು ಯಾವುದು ಎಂದು ಗೊತ್ತಾಗಲು ಅದು ಬೇಕೇ ಬೇಕು.

ನಮ್ಮ ಕಡೆಗೇ ಸೇರಿದ ಇನ್ನೊಂದು ವಿಷಯವೂ ನನ್ನನ್ನು ಕಾಡುತ್ತದೆ. ಸೋದರಮಾವನಿಗೋ ಅತ್ತೆಯ ಮಗನಿಗೋ ಕೊಟ್ಟ ಮನೆಗಳ ಟೈಪಿಂಗ್ ನೋಡುವಾಗ ಮಕ್ಕಳಲ್ಲಿ ಒಂದೇ ಹ್ಯಾಪ್ಲೋಟೈಪ್ (ಒಟ್ಟಿಗೆ ಇಳಿದು ಬರುವ ಎ, ಬಿ, ಸಿಗಳ ಕಟ್ಟು) ಎರಡೂ ಕಡೆಯಿಂದ ಬಂದಿರುವುದು ಆಗಾಗ ಸಿಗುತ್ತದೆ. ಆರು ತಟ್ಟೆ ಇರಬೇಕಾದಲ್ಲಿ ಮೂರೇ. ಕಿಡ್ನಿ ಹುಡುಕುವವರಿಗೆ ಇದರಿಂದ ಒಮ್ಮೊಮ್ಮೆ ಅನುಕೂಲವೇ. ಆದರೆ 2018ರಲ್ಲಿ 'ಸೈನ್ಸ್‌'ನಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ, ಇಮ್ಯುನೋಥೆರಪಿ (ರೋಗನಿರೋಧಕ ವ್ಯವಸ್ಥೆಯನ್ನು ಎಬ್ಬಿಸುವ ಚಿಕಿತ್ಸೆ) ಪಡೆದವರಲ್ಲಿ ಎಚ್‌ಎಲ್‌ಎ ಹೀಗೆ ಜೋಡಿಯಾಗಿ ಒಂದೇ ಇದ್ದವರು ಬದುಕುಳಿದ ಅವಧಿ ಕಡಿಮೆ ಎಂದು ಕಂಡಿತು. ಅವು ಬೇರೆ ಕ್ಯಾನ್ಸರ್‌ಗಳು, ಮುಖ್ಯವಾಗಿ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಮತ್ತು ಶ್ವಾಸಕೋಶದ್ದು. ಸ್ತನ ಕ್ಯಾನ್ಸರ್‌ಗೆ ಅದನ್ನು ಎಳೆದು ತರಬಾರದು. ಆದರೂ ನಮ್ಮ ಮದುವೆ ಪದ್ಧತಿಗಳನ್ನು ಗಮನದಲ್ಲಿಟ್ಟು ಇದನ್ನು ಯಾರಾದರೂ ಇಲ್ಲೇ ನೋಡಬೇಕು ಅನಿಸುತ್ತದೆ.

ಅಕ್ಕನ ಚಿಕಿತ್ಸೆಯ ಬಗ್ಗೆಯೂ ಹೇಳಬೇಕು, ಯಾಕೆಂದರೆ ಅಲ್ಲೂ ಇದೇ ರೋಗನಿರೋಧಕ ಕೋಶಗಳೇ ಕೆಲಸ ಮಾಡುವುದು. ಅವಳಿಗೆ ಕೀಮೋ ಜೊತೆ ಟ್ರಾಸ್ಟುಜುಮ್ಯಾಬ್, ಮೂರು ವಾರಕ್ಕೊಮ್ಮೆ, ಒಂದು ವರ್ಷ. ನಡುನಡುವೆ ಹೃದಯಕ್ಕೆ ತೊಂದರೆ ಆಗಿದೆಯಾ ಅಂತ ಎಕೋ. 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಔಷಧಿ ಇದು. ಆಗಿನ ಬೆಲೆಯಲ್ಲಿ ನಮ್ಮಂಥವರು ಅದರ ಹೆಸರೂ ಎತ್ತುವ ಹಾಗಿರಲಿಲ್ಲ. 2014ರಲ್ಲಿ ಬೆಂಗಳೂರಿನ ಬಯೋಕಾನ್ ಅದರ ಬಯೋಸಿಮಿಲರ್, ಅಂದರೆ ಅದರಂಥದ್ದೇ ಔಷಧಿಯನ್ನು ಭಾರತದಲ್ಲಿ ಮಾರುಕಟ್ಟೆಗೆ ತಂದಿತು, ಆಮೇಲೆ ಬೇರೆ ಕಂಪನಿಗಳೂ ಬಂದವು. ಬೆಲೆ ಇಳಿಯಿತು. ದೊಡ್ಡಮ್ಮನ ಕಾಲಕ್ಕೂ ಅಕ್ಕನ ಕಾಲಕ್ಕೂ ಇರುವ ದೊಡ್ಡ ವ್ಯತ್ಯಾಸ ಎಂದರೆ ನನ್ನ ಪ್ರಕಾರ ಇದೇ. ಜೀನ್ ಟೆಸ್ಟ್ ಅಲ್ಲ.

ಟ್ರಾಸ್ಟುಜುಮ್ಯಾಬ್ ಹರ್-2ಗೆ ಅಂಟಿಕೊಂಡು ಬೆಳೆಯುವ ಸಂದೇಶ ನಿಲ್ಲಿಸುತ್ತದೆ. ಅದರ ಬಾಲವನ್ನು ಹಿಡಿದು ಎನ್‌ಕೆ ಎಂಬ ರೋಗನಿರೋಧಕ ಕೋಶಗಳು ಬಂದು ಕ್ಯಾನ್ಸರ್ ಕೋಶವನ್ನು ಕೊಲ್ಲುತ್ತವೆ. ಆ ಹಿಡಿತಕ್ಕೆ ಬೇಕಾದ ಜೀನ್‌ನಲ್ಲೂ ಆನುವಂಶಿಕ ವ್ಯತ್ಯಾಸ ಇದೆ, ಕೆಲವರದು ಗಟ್ಟಿ ಹಿಡಿತ, ಕೆಲವರದು ಸಡಿಲ. ಗಟ್ಟಿ ಹಿಡಿತದವರಿಗೆ ಔಷಧಿ ಚೆನ್ನಾಗಿ ಹತ್ತುತ್ತದೆ ಎಂದು 2008ರ ಒಂದು ಸಣ್ಣ ಅಧ್ಯಯನ ಹೇಳಿತು. 2012ರಲ್ಲಿ ದೊಡ್ಡ ಪ್ರಯೋಗವೊಂದರ ರೋಗಿಗಳಲ್ಲಿ ಹುಡುಕಿದಾಗ ಆ ವ್ಯತ್ಯಾಸ ಕಾಣಲಿಲ್ಲ. ಸಣ್ಣ ಅಧ್ಯಯನದಲ್ಲಿ ಹೊಳೆದದ್ದು ದೊಡ್ಡದರಲ್ಲಿ ಮಂಕಾಗುವುದು ಈ ಕ್ಷೇತ್ರದಲ್ಲಿ ಹೊಸದಲ್ಲ. 2024ರ ಅಧ್ಯಯನಕ್ಕೂ ನಾನು ಇದೇ ಕಾರಣಕ್ಕೆ ಪೂರ್ತಿ ಶರಣಾಗಿಲ್ಲ. ಚೆನ್ನಾಗಿದೆ, ಮನಸ್ಸಿಗೆ ಒಪ್ಪುತ್ತದೆ. ಬೇರೆ ಜನಗಳಲ್ಲಿ, ಬೇರೆ ತಂಡಗಳು ಮಾಡಿ ನೋಡಲಿ.

ಈಚೆಗೆ ಒಂದು ಮದುವೆ ಮನೆಯಲ್ಲಿ ಚಿಕ್ಕಮ್ಮನ ಹೆಣ್ಣುಮಕ್ಕಳಿಬ್ಬರೂ ನನ್ನನ್ನು ಪಂಕ್ತಿಯಲ್ಲೇ ಹಿಡಿದು ಕೇಳಿದರು. "ಅಕ್ಕಾ, ನಿಮ್ಮ ಲ್ಯಾಬಲ್ಲಿ ಆ ಎಚ್‌ಎಲ್‌ಎ ಮಾಡಿಸಿಕೊಂಡ್ರೆ ನಮಗೆ ಬರುತ್ತೋ ಇಲ್ವೋ ಗೊತ್ತಾಗುತ್ತಾ?" ಗೊತ್ತಾಗಲ್ಲ ಅಂದೆ. ಸುಮ್ನೆ ದುಡ್ಡು ದಂಡ. ಇಬ್ಬರಿಗೂ ನಲವತ್ತರ ಆಸುಪಾಸು. ದೊಡ್ಡಮ್ಮನಿಗೆ ಬಂದಿತ್ತು, ಅಕ್ಕನಿಗೆ ಬಂದಿದೆ ಎನ್ನುವುದನ್ನು ಡಾಕ್ಟರಿಗೆ ಹೇಳಿ, ಮ್ಯಾಮೊಗ್ರಾಮ್ ಯಾವಾಗಿಂದ ಶುರು ಮಾಡಬೇಕು ಎಂದು ಕೇಳಿ ಅಂದೆ. ತಾಯಿ, ಅಕ್ಕ, ತಂಗಿಗೆ ಬಂದಿದ್ದರೆ ಅಪಾಯ ಸುಮಾರು ಎರಡು ಪಟ್ಟು ಎಂದು ಯಾವ ಜೀನ್ ಓದದೆಯೂ ಗೊತ್ತು. ಆ ಲೆಕ್ಕ ಅವರಿಗಿಂತ ನನಗೇ ಮೊದಲು ಅನ್ವಯಿಸುತ್ತದೆ, ನಾನು ಮ್ಯಾಮೊಗ್ರಾಮ್ ಮಾಡಿಸುತ್ತಿದ್ದೇನೆ. ಊರಲ್ಲಿರುವವರಿಗೆ 30 ದಾಟಿದ ಮೇಲೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲೇ ಸ್ತನ ತಪಾಸಣೆ ಮಾಡುವ ಕಾರ್ಯಕ್ರಮ ಇದೆ, ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಹೇಳುತ್ತಾರೆ. ಚಿಕ್ಕವಳು ಒಪ್ಪಿದಳು. ದೊಡ್ಡವಳು "ಮ್ಯಾಮೊಗ್ರಾಮ್ ನೋವಾಗುತ್ತಂತೆ" ಎಂದು ಹೋಳಿಗೆಗೆ ತುಪ್ಪ ಹಾಕಿಸಿಕೊಂಡಳು. ಅವಳನ್ನು ಕರೆದುಕೊಂಡು ಹೋಗುವ ಕೆಲಸ ಅಕ್ಕ ತನ್ನ ಮೇಲೆ ಹಾಕಿಕೊಂಡಿದ್ದಾಳೆ. ಬೇಸಿಗೆ ರಜೆಯಲ್ಲಿ ಅಂತೆ.